ಪಂಪಿನ ಡಬ್ಬಿಯೊಳಗಿನ ಕಂಡೆನ್ಸರ್: ಅದರ ಕೆಲಸ, ರೋಗ ಮತ್ತು ಪರೀಕ್ಷೆ



ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಸರಿಯಾಗಿ ಪಂಪು 'ಗುಂಯ್' ಎಂದು ಸದ್ದು ಮಾಡುತ್ತಾ ತಿರುಗದೆ ನಿಂತುಬಿಟ್ಟರೆ ಆಗುವ ಸಂಕಟ ಎಂತಹುದೆಂದು ನಾನು ತಮಗೆ ಬರೆದು ತಿಳಿಸಬೇಕಾಗಿಲ್ಲ. ಕೊಳವೆ ಬಾವಿಯಾಗಿದ್ದರೆ ಪೈಪು, ಕೇಬಲು, ಮೋಟಾರುಗಳನ್ನೆಲ್ಲ ಮೇಲೆತ್ತಿಸಬೇಕು. ಎತ್ತುವವರ ಕೂಲಿ, ಪೇಟೆಗೆ ಸಾಗಿಸುವ ಬಾಡಿಗೆ, ರಿವೈಂಡಿಂಗ್ ಅಂಗಡಿಯಲ್ಲಿ ಕಾಯುವ ದಿನಗಳು, ಅಷ್ಟರಲ್ಲಿ ಬಾಡುವ ಪೈರು, ಇವೆಲ್ಲವನ್ನೂ ಕೂಡಿಸಿದರೆ ನಷ್ಟ ಬಹಳವಾಗುತ್ತದೆ. ಆದರೆ ಹೀಗೆ ಮೇಲೆ ಬಂದ ಮೋಟಾರುಗಳಲ್ಲಿ ಎಲ್ಲವೂ ಕೆಟ್ಟಿರುವುದಿಲ್ಲ. ಎಷ್ಟೋ ವೇಳೆ ದೋಷವಿರುವುದು ನೆಲದ ಮೇಲೆಯೇ, ಗೋಡೆಗೆ ತೂಗುಹಾಕಿದ ಡಬ್ಬಿಯೊಳಗೆ, ಒಂದು ಪುಟ್ಟ ಉರುಟು ಡಬ್ಬದಲ್ಲಿ. ಅದೇ ಕಂಡೆನ್ಸರ್. ಪುಸ್ತಕಗಳಲ್ಲಿ ಇದನ್ನು ಕೆಪ್ಯಾಸಿಟರ್ ಎಂದು ಬರೆಯುತ್ತಾರೆ. ಎರಡೂ ಒಂದೇ.

ನಾನು ಓದಿದ್ದು ಕೃಷಿ ಡಿಪ್ಲೊಮಾ, ವಿದ್ಯುತ್ತಿನ ಶಾಸ್ತ್ರವಲ್ಲ. ಆದರೆ ಹಳ್ಳಿಗಳಲ್ಲಿ ತಿರುಗುವಾಗ ಒಂದು ಸಂಗತಿ ಗಮನಕ್ಕೆ ಬಂದಿದೆ. ಪ್ರತಿ ಊರಿನಲ್ಲಿಯೂ ಇಬ್ಬರೋ ಮೂವರೋ ಯುವಕರು ಇರುತ್ತಾರೆ. ಕೆಟ್ಟ ರೇಡಿಯೋ, ಉರಿಯದ ಎಲ್‌ಇಡಿ ಬಲ್ಬು, ಸತ್ತ ಟಾರ್ಚು, ಮೊಬೈಲ್ ಚಾರ್ಜರು, ಏನು ಸಿಕ್ಕಿದರೂ ಬಿಚ್ಚಿ ಮುಂದೆ ಹರವಿಕೊಂಡು, ಬೆಸುಗೆ ಕಡ್ಡಿಯನ್ನೂ ಮೀಟರನ್ನೂ ಹಿಡಿದು ಕುಳಿತಿರುತ್ತಾರೆ. ಹಿರಿಯರು ಇದನ್ನು ಕೆಲಸವಿಲ್ಲದವರ ಕೆಲಸವೆಂದು ಬಗೆಯುವುದುಂಟು. ನನ್ನ ಅಭಿಪ್ರಾಯ ಬೇರೆ. ಈ ಹವ್ಯಾಸವಿರುವ ಹುಡುಗನೊಬ್ಬ ಊರಿನಲ್ಲಿದ್ದರೆ, ಅವನು ಎಚ್ಚರಿಕೆಯನ್ನೂ ಕಲಿತವನಾಗಿದ್ದರೆ, ಅನೇಕ ಮೋಟಾರುಗಳು ಬಾವಿಯಿಂದ ಸುಮ್ಮನೆ ಮೇಲೆ ಬರುವುದು ತಪ್ಪುತ್ತದೆ. ಎಚ್ಚರಿಕೆಯನ್ನು ಕಲಿಯದಿದ್ದರೆ ಮಾತ್ರ ಬಲ್ಬಿನ ಬದಲು ಅವನೇ ಸುಟ್ಟುಕೊಂಡಾನು. ಈ ಲೇಖನವನ್ನು ಅಂತಹ ಯುವಕರನ್ನೂ ಅವರ ಮನೆಯ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಕಂಡೆನ್ಸರ್ ಎಂದರೇನು?

ಎರಡು ಲೋಹದ ಹಾಳೆಗಳು. ಅವೆರಡೂ ಒಂದಕ್ಕೊಂದು ತಾಗದಂತೆ ನಡುವೆ ವಿದ್ಯುತ್ತು ಹರಿಯದ ಒಂದು ತೆಳು ಪೊರೆ. ಇಷ್ಟೇ ಕಂಡೆನ್ಸರ್. ಕರೆಂಟು ಕೊಟ್ಟಾಗ ಹಾಳೆಗಳಲ್ಲಿ ವಿದ್ಯುತ್ತು ತುಂಬಿಕೊಳ್ಳುತ್ತದೆ, ದಾರಿ ಕೊಟ್ಟಾಗ ಖಾಲಿಯಾಗುತ್ತದೆ. 1745 ಮತ್ತು 1746 ರಲ್ಲಿ ಜರ್ಮನಿಯಲ್ಲಿ ಕ್ಲೈಸ್ಟ್ ಎಂಬಾತನೂ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಮುಷೆನ್‌ಬ್ರೋಕ್ ಎಂಬ ಪಂಡಿತನೂ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡುವುದನ್ನು ಬೇರೆಬೇರೆಯಾಗಿ ಕಂಡುಕೊಂಡರು. ಕಂಡುಕೊಂಡದ್ದು ಬಲವಾದ ಹೊಡೆತ ತಿಂದೇ! ಇಟಲಿಯ ವೋಲ್ಟಾ 1782 ರಲ್ಲಿ ಇಂತಹ ಸಾಧನಕ್ಕೆ ಕಂಡೆನ್ಸರ್ ಎಂಬರ್ಥದ ಹೆಸರನ್ನಿಟ್ಟನು. ಹಳೆಯ ರೇಡಿಯೋಗಳಲ್ಲಿ ಸ್ಟೇಷನ್ ತಿರುಗಿಸುವ ಗುಂಡಿಯ ಹಿಂದೆ ಬೀಸಣಿಗೆಯಂತೆ ಒಂದರೊಳಗೊಂದು ಸರಿಯುವ ತಗಡುಗಳನ್ನು ಹಿರಿಯರು ಕಂಡಿರಬಹುದು. ಅದೂ ಕಂಡೆನ್ಸರೇ. ಅದರಲ್ಲಿ ತಗಡುಗಳ ನಡುವಿನ ಪೊರೆ ಬರಿಯ ಗಾಳಿ.

ನಿಮ್ಮ ಪಂಪಿನ ಡಬ್ಬಿಯಲ್ಲಿರುವುದು ಪ್ಲಾಸ್ಟಿಕ್ಕಿನ ಪೊರೆಯದು. ಬಹು ತೆಳ್ಳಗಿನ ಆ ಪೊರೆಯ ಮೇಲೆ ಇನ್ನೂ ತೆಳ್ಳಗೆ ಲೋಹವನ್ನು ಲೇಪಿಸಿ, ಚಾಪೆ ಸುತ್ತಿದಂತೆ ಸುತ್ತಿ, ಡಬ್ಬಕ್ಕೆ ತುಂಬಿರುತ್ತಾರೆ. ಅದರ ಮೈಮೇಲೆ ಎರಡು ಅಂಕಿಗಳಿರುತ್ತವೆ. ಒಂದು, ಎಷ್ಟು ವಿದ್ಯುತ್ತನ್ನು ಹಿಡಿಯಬಲ್ಲದೆಂಬುದು. ಇದರ ಅಳತೆ ಮೈಕ್ರೋಫ್ಯಾರಡ್, ಮಾತಿನಲ್ಲಿ 'ಎಂ.ಎಫ್.ಡಿ.' ಎನ್ನುತ್ತಾರೆ. ಇನ್ನೊಂದು, ಎಷ್ಟು ವೋಲ್ಟನ್ನು ತಡೆಯಬಲ್ಲದೆಂಬುದು, ಸಾಧಾರಣವಾಗಿ 440. ಮನೆಗೆ ಬರುವುದು 230 ವೋಲ್ಟ್ ಆಗಿರುವಾಗ 440 ಏಕೆ ಬೇಕೆಂದು ಕೆಲವರು ಕೇಳುತ್ತಾರೆ. ಮೋಟಾರಿನ ಸುರುಳಿಯ ಜೊತೆಯಲ್ಲಿ ಕೂಡಿ ಕೆಲಸ ಮಾಡುವಾಗ ಕಂಡೆನ್ಸರಿನ ಎರಡು ತುದಿಗಳ ನಡುವೆ ಲೈನಿನಲ್ಲಿರುವುದಕ್ಕಿಂತ ಹೆಚ್ಚು ವೋಲ್ಟೇಜ್ ಏಳುತ್ತದೆ. ಆದುದರಿಂದ 250 ವೋಲ್ಟಿನದು ಅಗ್ಗವಾಗಿ ಸಿಕ್ಕಿತೆಂದು ಹಾಕಿದರೆ ಅದು ಬಹಳ ದಿನ ಬಾಳುವುದಿಲ್ಲ.

ಮೋಟಾರಿಗೆ ಇದು ಏಕೆ ಬೇಕು?

ಬೀಸುವ ಕಲ್ಲನ್ನು ನೆನೆಯಿರಿ. ಅದರ ಗೂಟವನ್ನು ಹಿಡಿದು ನೇರವಾಗಿ ನಿಮ್ಮ ಕಡೆಗೆ ಎಳೆದು, ಮತ್ತೆ ನೇರವಾಗಿ ಆಚೆಗೆ ನೂಕಿದರೆ ಕಲ್ಲು ಅಲುಗಾಡೀತೇ ಹೊರತು ತಿರುಗುವುದಿಲ್ಲ. ಪಕ್ಕಕ್ಕೆ ಒಂದು ತಳ್ಳು ಬೇಕು. ಎದುರುಬದುರಾಗಿ ಇಬ್ಬರು ಕುಳಿತು, ಒಬ್ಬರ ಕೈ ನಿಂತಲ್ಲಿ ಇನ್ನೊಬ್ಬರ ಕೈ ಮುಂದುವರಿಸಿದರೆ ಕಲ್ಲು ಸರಾಗವಾಗಿ ಸುತ್ತುತ್ತದೆ.

ಸಿಂಗಲ್ ಫೇಸ್ ಕರೆಂಟಿನ ಕಷ್ಟ ಇದೇ. ಅದು ಒಂದು ನೇರದಲ್ಲಿ ಮಾತ್ರ ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ, ಒಂದು ಸೆಕೆಂಡಿಗೆ 50 ಸುತ್ತು. ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಅದಕ್ಕಾಗಿ ಮೋಟಾರಿನೊಳಗೆ ಎರಡನೆಯ ಸುರುಳಿಯೊಂದನ್ನು ಅಡ್ಡಲಾಗಿ ಇಟ್ಟು, ಅದಕ್ಕೆ ಹೋಗುವ ಕರೆಂಟನ್ನು ಕಂಡೆನ್ಸರಿನ ಮೂಲಕ ಕಳುಹಿಸುತ್ತಾರೆ. ಕಂಡೆನ್ಸರ್ ಆ ಕರೆಂಟಿನ ಏರಿಳಿತವನ್ನು ಮೊದಲ ಸುರುಳಿಯ ಏರಿಳಿತದೊಂದಿಗೆ ಹೊಂದದಂತೆ ಸ್ವಲ್ಪ ಮುಂದಕ್ಕೆ ಸರಿಸುತ್ತದೆ. ಎರಡನೆಯ ಕೈ ಸಿಕ್ಕಿದಂತಾಯಿತು. ಕಲ್ಲು ತಿರುಗಿತು.

ಕೆಲವು ಡಬ್ಬಿಗಳಲ್ಲಿ ಎರಡು ಕಂಡೆನ್ಸರುಗಳಿರುತ್ತವೆ. ಒಂದು ಓಡುವಾಗಲೆಲ್ಲ ಕೆಲಸದಲ್ಲಿರುವಂತಹುದು. 36, 50 ಮುಂತಾದ ಅಂಕಿಗಳು ಇದರ ಮೇಲೆ ಕಾಣುತ್ತವೆ. ಇನ್ನೊಂದು ಹೊರಡುವಾಗ ಮಾತ್ರ ಬಲ ಕೊಡುವಂತಹುದು. ಇದರ ಅಂಕಿ ನೂರನ್ನೂ ದಾಟಬಹುದು. ಹೊರಡಿಸುವ ಕಂಡೆನ್ಸರು ಒಂದೆರಡು ಸೆಕೆಂಡುಗಳ ಕೆಲಸಕ್ಕಾಗಿ ಮಾಡಿದ್ದು. ಹಸಿರು ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಅದು ಲೈನಿನಲ್ಲಿರುವಂತೆ ಅನೇಕ ಡಬ್ಬಿಗಳಲ್ಲಿ ಜೋಡಣೆಯಿರುತ್ತದೆ. ಮೋಟಾರು ಹೊರಡಲಿಲ್ಲವೆಂದು ಹಟದಿಂದ ಗುಂಡಿಯನ್ನು ಒತ್ತಿಯೇ ಇದ್ದರೆ ಅದು ಕಾದು, ಉಬ್ಬಿ, ಕೆಲವು ಸಲ ಸಿಡಿಯುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಹೊರಡದಿದ್ದರೆ ಕೈ ತೆಗೆದುಬಿಡಿ. ಕಾರಣವನ್ನು ಹುಡುಕಬೇಕೇ ಹೊರತು ಗುಂಡಿಯ ಮೇಲೆ ಬಲ ಹಾಕಿ ಪ್ರಯೋಜನವಿಲ್ಲ.

ಅದಕ್ಕೆ ರೋಗ ಹೇಗೆ ಬರುತ್ತದೆ?

ಇದು ಬಹಳ ಸ್ವಾರಸ್ಯದ ವಿಷಯ. ಲೋಹ ಲೇಪಿಸಿದ ಪೊರೆಯಲ್ಲಿ ಎಲ್ಲಿಯಾದರೂ ದುರ್ಬಲ ಜಾಗವಿದ್ದು ಅಲ್ಲಿ ಸಣ್ಣ ಕಿಡಿ ಹಾರಿ ತೂತಾದರೆ, ಆ ಕಿಡಿಯ ಶಾಖಕ್ಕೆ ತೂತಿನ ಸುತ್ತಲ ಲೋಹವೂ ಆವಿಯಾಗಿ ಹೋಗುತ್ತದೆ. ಲೋಹವಿಲ್ಲದ ಕಡೆ ಕರೆಂಟಿಗೆ ದಾರಿಯಿಲ್ಲ. ಹೀಗಾಗಿ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ, ಕಂಡೆನ್ಸರು ಕೆಲಸ ಮುಂದುವರಿಸುತ್ತದೆ. ಆದರೆ ಪ್ರತಿ ಗಾಯಕ್ಕೂ ಲೋಹದ ಹರವು ಎಳ್ಳಷ್ಟು ಕಡಿಮೆಯಾಗುತ್ತದೆ. ಇಂತಹ ಸಾವಿರಾರು ಗಾಯಗಳಾದ ಮೇಲೆ 50 ಇದ್ದದ್ದು 45 ಆಗಿ, 40 ಆಗಿ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಡಬ್ಬ ಹೊಸದರಂತೆಯೇ ಇರುತ್ತದೆ! ಉಬ್ಬಿದ ಅಥವಾ ಸೋರುವ ಕಂಡೆನ್ಸರ್ ಕೆಟ್ಟದ್ದೆಂದು ಯಾರೂ ಹೇಳಬಲ್ಲರು. ಉಬ್ಬದೆಯೇ ಕೆಟ್ಟದ್ದನ್ನು ಮೀಟರು ಮಾತ್ರ ಹೇಳಬಲ್ಲದು.

ಈ ಗಾಯಗಳನ್ನು ಹೆಚ್ಚಿಸುವ ಶತ್ರುಗಳು ಎರಡು: ಏರಿದ ವೋಲ್ಟೇಜು ಮತ್ತು ಶಾಖ. ಹಗಲು ಎಲ್ಲರ ಪಂಪುಗಳೂ ಓಡುವಾಗ ಟಿ.ಸಿ. ಯಿಂದ ದೂರವಿರುವ ತೋಟದಲ್ಲಿ ವೋಲ್ಟೇಜು ಇಳಿದಿರುತ್ತದೆ. ರಾತ್ರಿ ಪಂಪುಗಳು ನಿಂತ ಮೇಲೆ ಏರುತ್ತದೆ. ಶಾಖವಂತೂ ನಾವೇ ತಂದುಕೊಂಡ ಕಷ್ಟ. ತಗಡಿನ ಡಬ್ಬಿಯನ್ನು ಪಡುವಣ ಬಿಸಿಲಿಗೆ ಮುಖ ಮಾಡಿ ಕಂಬಕ್ಕೆ ಕಟ್ಟಿರುತ್ತೇವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದನ್ನು ಮುಟ್ಟಿ ನೋಡಿದರೆ ಒಳಗಿನ ಸ್ಥಿತಿ ಅರ್ಥವಾಗುತ್ತದೆ. ಎರಡು ತೆಂಗಿನ ಗರಿಗಳ ನೆರಳಾದರೂ ಸಾಕು. ಶೀಟು ಹೊದಿಸಿದ ಗೂಡಾದರೆ ಇನ್ನೂ ಮೇಲು.

ಗುಂಯ್‌ಗುಡುವುದಕ್ಕೆಲ್ಲ ಕಂಡೆನ್ಸರೇ ಕಾರಣವಲ್ಲ

ಹಳ್ಳಿಯೊಂದರ ಅರಳಿಕಟ್ಟೆಯಲ್ಲಿ ಐ.ಟಿ.ಐ. ಓದಿದ ಯುವಕನೊಬ್ಬನಿಗೂ ವಯಸ್ಸಾದ ರೈತರೊಬ್ಬರಿಗೂ ನಡೆದ ಮಾತುಕತೆ ಈ ರೀತಿಯಿತ್ತು.

"ಕಂಡೆನ್ಸರ್ ಒಂದ್ಸಲ ನೋಡೋಣ ದೊಡ್ಡಪ್ಪ, ಮೋಟ್ರು ಎತ್ತಿಸ್ಬೇಡಿ ಈಗ್ಲೇ."

"ಅದೇನು ನೋಡ್ತೀಯೋ, ಹೋದ ವರ್ಷ ತಾನೆ ಹೊಸದು ಹಾಕ್ಸಿದ್ದು."

"ಎಷ್ಟರದ್ದು ಹಾಕ್ಸಿದ್ರಿ?"

"ಎಷ್ಟರದ್ದು ಅಂದ್ರೆ? ದೊಡ್ಡದೇ ಇರ್ಲಿ, ಚೆನ್ನಾಗಿ ಎಳೀತದೆ ಅಂತ ಅಂಗ್ಡಿಯೋನು ಕೊಟ್ಟ. ಹಾಕಿದ ದಿನ ಚೆನ್ನಾಗೇ ಎಳೀತಪ್ಪ."

ಡಬ್ಬಿ ತೆಗೆದು ನೋಡಿದಾಗ 50 ಇರಬೇಕಾದ ಕಡೆ 72 ಇತ್ತು. ಇಲ್ಲಿ ಬಹಳ ಜನ ಎಡವುತ್ತಾರೆ. ಗೊಬ್ಬರ ಹೆಚ್ಚು ಹಾಕಿದರೆ ಪೈರು ಹೆಚ್ಚು ಬರುವುದೆಂದು ತಿಳಿದಂತೆಯೇ ಇದೂ ಸಹ. ದೊಡ್ಡ ಕಂಡೆನ್ಸರ್ ಹಾಕಿದಾಗ ಮೋಟಾರು ಜೋರಾಗಿ ಹೊರಡುವುದು ನಿಜ. ಆದರೆ ಓಡುವಷ್ಟು ಹೊತ್ತೂ ಎರಡನೆಯ ಸುರುಳಿಯಲ್ಲಿ ಅಳತೆ ಮೀರಿದ ಕರೆಂಟು ಹರಿದು, ಸುರುಳಿ ಕಾದು, ಅದರ ವಾರ್ನಿಷು ಸುಡುತ್ತದೆ. ಮೋಟಾರಿನ ಪಟ್ಟಿಯ ಮೇಲೆ ಎಷ್ಟು ಬರೆದಿದೆಯೋ ಅಷ್ಟನ್ನೇ ಹಾಕತಕ್ಕದ್ದು. ವೋಲ್ಟಿನ ಅಂಕಿ ಹೆಚ್ಚಿರಬಹುದು, ಮೈಕ್ರೋಫ್ಯಾರಡ್ ಅಂಕಿ ಬದಲಾಗಕೂಡದು. 50 ಸಿಕ್ಕದೆ ಇದ್ದರೆ 25 ರ ಎರಡನ್ನು ಅಕ್ಕಪಕ್ಕದಲ್ಲಿ ಜೋಡಿಸಿದರೆ 50 ಆಗುತ್ತದೆ. ಒಂದರ ಹಿಂದೊಂದು ಜೋಡಿಸಿದರೆ ಹನ್ನೆರಡೂವರೆ ಮಾತ್ರ! ರೆಸಿಸ್ಟರುಗಳ ಲೆಕ್ಕ ಇದಕ್ಕೆ ತಲೆಕೆಳಗಾದದ್ದರಿಂದ ಹೊಸದಾಗಿ ಕಲಿಯುವ ಹುಡುಗರು ಇಲ್ಲಿ ತಬ್ಬಿಬ್ಬಾಗುತ್ತಾರೆ.

ಗುಂಯ್ ಎಂಬ ಸದ್ದು ಕೇಳಿದೊಡನೆ ಮೊದಲು ನೋಡಬೇಕಾದುದು ವೋಲ್ಟೇಜನ್ನು. ಅದನ್ನೂ ಸುಮ್ಮನಿರುವಾಗ ನೋಡಿದರೆ ಸಾಲದು, ಗುಂಡಿ ಒತ್ತಿದ ಕ್ಷಣದಲ್ಲಿ ನೋಡಬೇಕು. ಸುಮ್ಮನಿರುವಾಗ 220 ತೋರಿಸಿದ ಲೈನು, ಮೋಟಾರು ಎಳೆದೊಡನೆ 160 ಕ್ಕೆ ಕುಸಿಯಬಹುದು. ಸಡಿಲವಾದ ತಂತಿ, ಕರಕಲಾದ ಫ್ಯೂಸು ಹಿಡಿಕೆ, ಸಣ್ಣ ಗಾತ್ರದ ಕೇಬಲು, ಇವು ಇದಕ್ಕೆ ಕಾರಣ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ, ವೋಲ್ಟೇಜು ಇಳಿದದ್ದು ಕಾಲು ಪಾಲಿಗೂ ಕಡಿಮೆಯಾದರೂ ಹೊರಡುವ ಬಲ 100 ಕ್ಕೆ ಸುಮಾರು 61 ಮಾತ್ರ ಉಳಿಯುತ್ತದೆ. ಇಂತಹ ಕಡೆ ಎಷ್ಟು ಕಂಡೆನ್ಸರ್ ಬದಲಿಸಿದರೂ ಪ್ರಯೋಜನವಿಲ್ಲ.

ವೋಲ್ಟೇಜು ಸರಿಯಾಗಿದ್ದರೆ ಎರಡನೆಯದಾಗಿ ಕಂಡೆನ್ಸರನ್ನೂ, ಅದೂ ಸರಿಯಿದ್ದರೆ ಮೂರನೆಯದಾಗಿ ಮೋಟಾರಿನ ಸುರುಳಿಗಳನ್ನೂ ನೋಡಬೇಕು. ಇವೆಲ್ಲ ಸರಿಯಿದ್ದರೆ ಮಾತ್ರ ಪಂಪಿನಲ್ಲಿ ಮರಳು ಸಿಕ್ಕಿದೆಯೋ, ಬೇರಿಂಗು ಹಿಡಿದಿದೆಯೋ ಎಂದು ಮೇಲೆತ್ತಿಸುವ ಆಲೋಚನೆ ಮಾಡಬಹುದು. ಮೊದಲ ಮೂರು ಪರೀಕ್ಷೆಗಳಿಗೆ ಬೇಕಾದುದು ಒಂದು ಮೀಟರು ಮತ್ತು ಅರ್ಧ ಗಂಟೆ.

ಪರೀಕ್ಷೆಯ ಕ್ರಮ

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಮೇನ್ ಸ್ವಿಚ್ಚು ತೆಗೆದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. 230 ವೋಲ್ಟೆಂಬುದು ಸರಾಸರಿ ಲೆಕ್ಕ. ಅಲೆಯ ತುದಿ 325 ವೋಲ್ಟನ್ನು ಮುಟ್ಟುತ್ತದೆ. ಸ್ವಿಚ್ಚು ತೆಗೆದ ಗಳಿಗೆಗೆ ತಕ್ಕಂತೆ ಕಂಡೆನ್ಸರು ಅಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಹಿಡಿದಿಟ್ಟುಕೊಂಡಿರಬಹುದು. ಲೈನು ತೆಗೆದಾಯಿತೆಂಬ ಧೈರ್ಯದಿಂದ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದರೆ ಹೊಡೆತ ನಿಶ್ಚಯ. ಟೆಸ್ಟರಿನ ದೀಪ ಹೊತ್ತಲಿಲ್ಲವೆಂದು ನಂಬಬೇಡಿ. ಹೀಗೆ ಕೂಡಿಟ್ಟ ವಿದ್ಯುತ್ತಿನ ವಿಷಯದಲ್ಲಿ ಆ ದೀಪದ ಸಾಕ್ಷಿ ನಡೆಯುವುದಿಲ್ಲ.

ಕೆಲವು ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಕೂಡಿಸಿ 'ಚಟ್' ಎನ್ನಿಸಿ ಖಾಲಿ ಮಾಡುತ್ತಾರೆ. ನೋಡುವವರಿಗೆ ಚಮತ್ಕಾರವಾಗಿ ಕಾಣುತ್ತದೆ. ಕರಗಿದ ಲೋಹದ ಕಿಡಿ ಕಣ್ಣಿಗೆ ಹಾರಬಹುದು, ಕಂಡೆನ್ಸರಿನ ಒಳ ಬೆಸುಗೆಯೂ ಕೆಡಬಹುದು. ಒಳ್ಳೆಯ ಮಾರ್ಗವೆಂದರೆ 10 ಕಿಲೋ ಓಮ್, 5 ವಾಟಿನ ಒಂದು ರೆಸಿಸ್ಟರನ್ನು ಹೊದಿಕೆಯಿರುವ ಎರಡು ಕ್ಲಿಪ್ಪುಗಳಿಗೆ ಬೆಸೆದು ಇಟ್ಟುಕೊಳ್ಳುವುದು. ಇದರ ಬೆಲೆ ಅತ್ಯಲ್ಪ. ಮೇನ್ ಸ್ವಿಚ್ಚು ತೆಗೆದು, ಫ್ಯೂಸುಗಳನ್ನು ಕಳಚಿ ಜೇಬಿನಲ್ಲಿಟ್ಟುಕೊಂಡು (ಇನ್ನೊಬ್ಬರು ಬಂದು ಹಾಕಿಬಿಡದಂತೆ), ಕ್ಲಿಪ್ಪುಗಳನ್ನು ಒಂದೊಂದಾಗಿ ಒಂದೇ ಕೈಯಿಂದ ಕಂಡೆನ್ಸರಿನ ತುದಿಗಳಿಗೆ ಸಿಕ್ಕಿಸಿ. 50 ಮೈಕ್ರೋಫ್ಯಾರಡಿನದಾದರೆ ಎರಡೂವರೆ ಸೆಕೆಂಡಿನಲ್ಲಿ ಬಹುಮಟ್ಟಿಗೆ ಖಾಲಿಯಾಗುತ್ತದೆ. ಹತ್ತು ಎಣಿಸುವವರೆಗೆ ಹಾಗೆಯೇ ಬಿಡಿ. ಅನಂತರ ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ ತುದಿಗಳಲ್ಲಿ ನೋಡಿ. ಕೂಡಿಟ್ಟ ವಿದ್ಯುತ್ತು ಡಿ.ಸಿ. ಯಾದುದರಿಂದ ಎ.ಸಿ. ಯಲ್ಲಿ ನೋಡಿದರೆ ಕಾಣುವುದಿಲ್ಲ. ಸೊನ್ನೆ ಬಂದ ಮೇಲೆ ತಂತಿಗಳ ಬಣ್ಣವನ್ನೂ ಜಾಗವನ್ನೂ ಕಾಗದದ ಮೇಲೆ ಬರೆದುಕೊಂಡು, ಅಥವಾ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ಕಂಡೆನ್ಸರನ್ನು ಹೊರಗೆ ತೆಗೆಯಿರಿ.

ಮೀಟರಿನಲ್ಲಿ ಕಂಡೆನ್ಸರ್ ಅಳೆಯುವ ಮನೆ ಇದ್ದರೆ ಕೆಲಸ ಸುಲಭ. ಮೈಮೇಲೆ 50, ಹೆಚ್ಚು ಕಡಿಮೆ ನೂರಕ್ಕೆ 5 ಎಂದು ಬರೆದಿದ್ದರೆ 47.5 ರಿಂದ 52.5 ರೊಳಗೆ ತೋರಿಸಬೇಕು. 45 ಕ್ಕಿಂತ ಇಳಿದಿದ್ದರೆ ಬದಲಿಸುವುದು ಮೇಲು. ಮೀಟರು ಕೊಳ್ಳುವಾಗಲೇ ಈ ಮನೆ ಇರುವಂತಹುದನ್ನು ಕೇಳಿ ತರಬೇಕು. ಅದು ಇಲ್ಲದ ಮೀಟರಿನಲ್ಲಿ ಓಮ್ ಮನೆಗೆ ತಿರುಗಿಸಿ ನೋಡಿದರೆ ಅಂಕಿ ಸೊನ್ನೆಯ ಹತ್ತಿರದಿಂದ ಹೊರಟು ಏರುತ್ತಾ ಹೋಗಿ ಅಳತೆ ಮೀರುತ್ತದೆ. ಸೊನ್ನೆಯಲ್ಲಿಯೇ ನಿಂತರೆ ಒಳಗೆ ಕೂಡಿಕೊಂಡಿದೆಯೆಂದೂ, ಅಲುಗಾಡದೆ ಮೊದಲಿಂದಲೂ ಅಳತೆ ಮೀರಿಯೇ ಇದ್ದರೆ ಒಳಗೆ ಕಡಿದಿದೆಯೆಂದೂ ತಿಳಿಯಬೇಕು. 50 ಇದ್ದದ್ದು 38 ಕ್ಕೆ ಇಳಿದಿದೆಯೆಂಬುದು ಮಾತ್ರ ಈ ರೀತಿ ತಿಳಿಯದು.

ಕ್ಲಾಂಪ್ ಮೀಟರಿರುವ ಅನುಭವಸ್ಥರಿಗೆ ಇನ್ನೊಂದು ದಾರಿಯುಂಟು. ಮೋಟಾರು ಓಡುತ್ತಿರುವಾಗ ಓಡುವ ಕಂಡೆನ್ಸರಿನ ತಂತಿಯಲ್ಲಿ ಹರಿಯುವ ಆಂಪಿಯರನ್ನು 3183 ರಿಂದ ಗುಣಿಸಿ, ಕಂಡೆನ್ಸರಿನ ತುದಿಗಳಲ್ಲಿರುವ ವೋಲ್ಟಿನಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಬರುತ್ತದೆ. 4 ಆಂಪಿಯರ್, 300 ವೋಲ್ಟ್ ಆದರೆ ಸುಮಾರು 42. ಜೀವಂತ ಲೈನಿನಲ್ಲಿ ಮಾಡುವ ಕೆಲಸವಾದ್ದರಿಂದ ಇದು ಕಲಿಯುವ ಹುಡುಗರಿಗೆ ತಕ್ಕದ್ದಲ್ಲ.

ಮೀಟರಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಕೆಂಪು ತಂತಿಯನ್ನು ಸಿಕ್ಕಿಸಲು ಮೀಟರಿನಲ್ಲಿ ಎರಡು ತೂತುಗಳಿರುತ್ತವೆ. 10 ಆಂಪಿಯರ್ ಎಂದು ಬರೆದ ತೂತಿನಲ್ಲಿ ತಂತಿಯಿದ್ದಾಗ ಮರೆತು ಮನೆಯ ಲೈನಿನ ವೋಲ್ಟೇಜು ನೋಡಲು ಹೋದರೆ, ಎರಡು ತಂತಿಗಳನ್ನು ನೇರವಾಗಿ ಕೂಡಿಸಿದಂತೆಯೇ ಸರಿ. ಬೆಂಕಿ ಹಾರಿ ಮೀಟರು ಕೈಯಲ್ಲಿಯೇ ಸಿಡಿಯುತ್ತದೆ. ಆಂಪಿಯರ್ ನೋಡಿಯಾದ ಕೂಡಲೇ ಕೆಂಪು ತಂತಿಯನ್ನು ವೋಲ್ಟಿನ ತೂತಿಗೆ ಮರಳಿ ಹಾಕಿಟ್ಟೇ ಮೀಟರನ್ನು ಕೆಳಗಿಡುವ ಅಭ್ಯಾಸ ಮಾಡಿಕೊಳ್ಳಬೇಕು.

ಸುರುಳಿಗಳ ಪರೀಕ್ಷೆಯನ್ನು ಬೇಗ ಹೇಳಿಬಿಡುತ್ತೇನೆ. ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಮೋಟಾರಿನಿಂದ ಮೂರು ತಂತಿಗಳು ಮೇಲೆ ಬರುತ್ತವೆ. ಅವನ್ನು ಡಬ್ಬಿಯಿಂದ ಬಿಡಿಸಿ, ಎರಡೆರಡನ್ನಾಗಿ ಓಮ್ ಮನೆಯಲ್ಲಿ ಅಳೆದರೆ ಮೂರು ಅಂಕಿಗಳು ಸಿಗುತ್ತವೆ. ಸಣ್ಣ ಎರಡು ಅಂಕಿಗಳನ್ನು ಕೂಡಿಸಿದರೆ ದೊಡ್ಡದು ಬರಬೇಕು. ಉದಾಹರಣೆಗೆ 3 ಮತ್ತು 5 ಇದ್ದರೆ ಮೂರನೆಯದು 8. ಲೆಕ್ಕ ಹೊಂದಿದರೆ ಸುರುಳಿ ಕಡಿದಿಲ್ಲ. ಆದರೆ ಸುರುಳಿಯಿಂದ ನೀರಿಗೆ ಕರೆಂಟು ಸೋರುತ್ತಿದೆಯೇ ಎಂಬುದನ್ನು ಈ ಮೀಟರು ನಂಬುವಂತೆ ಹೇಳಲಾರದು. ಅದಕ್ಕೆ 500 ವೋಲ್ಟಿನ ಮೆಗ್ಗರ್ ಬೇಕು. ರಿವೈಂಡಿಂಗ್ ಅಂಗಡಿಯವರನ್ನೇ ಡಬ್ಬಿಯ ಬಳಿಗೆ ಕರೆತರುವುದು ಮೋಟಾರನ್ನು ಅವರ ಬಳಿಗೆ ಒಯ್ಯುವುದಕ್ಕಿಂತ ಸುಲಭ.

ಎರಡು ಫೇಸಿನಲ್ಲಿ ಓಡಿಸುವ ಕಂಡೆನ್ಸರು

ಇದನ್ನು ಬರೆಯದೆ ಬಿಟ್ಟರೆ ನನ್ನ ಕರ್ತವ್ಯಕ್ಕೆ ಲೋಪವಾದೀತು. 3, 5, 7.5 ಅಶ್ವಶಕ್ತಿಯ ಮೋಟಾರುಗಳು ಸಾಮಾನ್ಯವಾಗಿ ಮೂರು ಫೇಸಿನವು. ಮೂರು ಕೈಗಳು ಸರದಿಯಂತೆ ತಳ್ಳುವುದರಿಂದ ಅವು ಹೊರಡುವುದಕ್ಕೆ ಕಂಡೆನ್ಸರ್ ಬೇಕಾಗಿಲ್ಲ. ಅವುಗಳ ಬಳಿ ಇರುವ ಕಂಡೆನ್ಸರು ಲೈನಿನ ಮೇಲಿನ ವೃಥಾ ಭಾರವನ್ನು ಇಳಿಸುವುದಕ್ಕಾಗಿ. ಅದು ಒಳ್ಳೆಯದು, ಇರಲಿ. ಆದರೆ ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ, ಮನೆಗಳ ದೀಪಕ್ಕೆಂದು ಬಿಟ್ಟ ಕರೆಂಟಿನಲ್ಲಿ, ಕಂಡೆನ್ಸರುಗಳ ಗೊಂಚಲನ್ನೇ ಸಿಕ್ಕಿಸಿ ಈ ಮೋಟಾರುಗಳನ್ನು ಓಡಿಸುವುದು ನಮ್ಮ ಕಡೆ ಬಹಳವಾಗಿದೆ. ಪೈರು ಒಣಗುತ್ತಿರುವಾಗ ರೈತನು ಏಕೆ ಹಾಗೆ ಮಾಡುತ್ತಾನೆಂಬುದು ನನಗೆ ತಿಳಿಯದ ವಿಷಯವೇನಲ್ಲ. ನೀರೂ ಬರುತ್ತದೆ. ಆದರೆ ಮೂರು ಸುರುಳಿಗಳಿಗೂ ಸಮನಾದ ಕರೆಂಟು ಹಂಚಿಕೆಯಾಗುವುದಿಲ್ಲ. ಒಂದು ಸುರುಳಿ ಉಳಿದೆರಡಕ್ಕಿಂತ ಹೆಚ್ಚು ಕಾಯುತ್ತದೆ. ಪೂರ್ತಿ ಭಾರವನ್ನು ಹೊರುವ ಶಕ್ತಿ ಮೋಟಾರಿಗೆ ಆಗ ಇರುವುದಿಲ್ಲ, ನಾವಾದರೋ ಪೂರ್ತಿ ಭಾರವನ್ನೇ ಹೊರಿಸಿರುತ್ತೇವೆ. ಟಿ.ಸಿ. ಯ ಮೇಲೂ ಭಾರ ಒಂದೇ ಕಡೆ ಬೀಳುತ್ತದೆ. ಅದು ಸುಟ್ಟರೆ ಇಡೀ ಊರಿನ ಪಂಪುಗಳು ನಿಲ್ಲುತ್ತವೆ.

ಇದಕ್ಕಿಂತ ಘೋರವಾದುದು ಬೇರೊಂದಿದೆ. ಹೀಗೆ ಓಡುವ ಮೋಟಾರಿನ ಮೂರನೆಯ ತಂತಿ ಲೈನಿನಿಂದ ಬಿಡಿಸಿಲ್ಲದಿದ್ದರೆ, ಕರೆಂಟಿಲ್ಲದ ಆ ಮೂರನೆಯ ಲೈನಿಗೆ ಮೋಟಾರಿನ ಕಡೆಯಿಂದ ಹಿಮ್ಮುಖವಾಗಿ ವಿದ್ಯುತ್ತು ಏರುತ್ತದೆ. ಆ ಫೇಸು ಸತ್ತಿದೆಯೆಂದು ನಂಬಿ ಕಂಬದ ಮೇಲೆ ಕೈಯಿಟ್ಟ ಲೈನ್‌ಮನ್‌ನ ಪ್ರಾಣಕ್ಕೆ ಅದು ಸಾಕು. ಪಕ್ಕದ ತೋಟದವರು ಫ್ಯೂಸು ಹಾಕಲು ಹೋದಾಗಲೂ ಇದೇ ಅಪಾಯ. ಹವ್ಯಾಸಿ ಯುವಕರನ್ನು ಯಾರಾದರೂ "ಒಂದು ಕಂಡೆನ್ಸರ್ ಗೊಂಚಲು ಕಟ್ಟಿಕೊಡಪ್ಪ" ಎಂದು ಕೇಳಿದರೆ ಈ ಕಾರಣವನ್ನು ಹೇಳಿ ಒಲ್ಲೆನೆನ್ನಬೇಕೆಂದು ನಾನು ಪ್ರಾರ್ಥಿಸುತ್ತೇನೆ. ಅದರ ಬದಲು ಒಂದು ಫೇಸು ಹೋದೊಡನೆ ಮೋಟಾರನ್ನು ನಿಲ್ಲಿಸುವ ಪ್ರಿವೆಂಟರನ್ನು, ಹಾಕಿಸಿಲ್ಲದವರು ಹಾಕಿಸಿಕೊಳ್ಳಲಿ. ಇದ್ದದ್ದನ್ನು ತಪ್ಪಿಸಿ ನೇರ ಜೋಡಿಸಿಕೊಂಡಿರುವವರೂ ಉಂಟು; ಅವರ ಮೋಟಾರು ರಿವೈಂಡಿಂಗ್ ಅಂಗಡಿಯ ಗಿರಾಕಿಯೇ ಸರಿ.

ಎಲ್‌ಇಡಿ ಬಲ್ಬಿನಲ್ಲಿಯೂ ಅದೇ ಕಥೆ

ಯುವಕರು ಹೆಚ್ಚಾಗಿ ಬಿಚ್ಚುವುದು ಇದನ್ನೇ. ಇದರೊಳಗೆ ಹಳದಿ ಚುಕ್ಕೆಗಳಂತಿರುವ ಎಲ್‌ಇಡಿಗಳು ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದು ಕಡಿದರೆ ಎಲ್ಲವೂ ಆರುತ್ತವೆ, ಜಾತ್ರೆಯ ಸೀರಿಯಲ್ ಸೆಟ್ಟಿನಂತೆ. ಸುಟ್ಟ ಚುಕ್ಕೆಯ ನಡುವೆ ಕಪ್ಪು ಕಲೆ ಕಾಣುವುದರಿಂದ ಹುಡುಕುವುದು ಸುಲಭ. ಆ ಒಂದನ್ನು ಬೆಸುಗೆಯಿಂದ ದಾಟಿಸಿ ಬಲ್ಬನ್ನು ಮತ್ತೆ ಉರಿಸುವ ಹುಡುಗರಿದ್ದಾರೆ. ಉರಿಯುತ್ತದೆ, ಆದರೆ ಮೊದಲನೆಯದನ್ನು ಸುಟ್ಟ ಶಾಖ ಉಳಿದವನ್ನೂ ಬಿಡುವುದಿಲ್ಲವಾದ್ದರಿಂದ ಬಹುಕಾಲ ಬಾಳುವುದೆಂದು ಎಣಿಸಬಾರದು. ಬಲ್ಬು ಮಿಣುಕುತ್ತಿದ್ದರೆ ಬುಡದಲ್ಲಿರುವ ಸಣ್ಣ ಕಂಡೆನ್ಸರಿನ ನೆತ್ತಿ ಉಬ್ಬಿದೆಯೇ ನೋಡಿ. ಈ ಜಾತಿಯ ಕಂಡೆನ್ಸರಿನೊಳಗೆ ದ್ರವವಿರುತ್ತದೆ, ಶಾಖಕ್ಕೆ ಅದು ಆರುತ್ತದೆ. 10 ಡಿಗ್ರಿ ಶಾಖ ಏರಿದರೆ ಆಯಸ್ಸು ಅರ್ಧವಾಗುತ್ತದೆಂಬುದು ಇದರ ಬಗ್ಗೆ ಬಲ್ಲವರು ಹಿಡಿದಿರುವ ಸ್ಥೂಲ ಲೆಕ್ಕ. ಗಾಳಿಯಾಡದ ಮುಚ್ಚಿದ ಗೂಡಿನಲ್ಲಿ ಹಾಕಿದ ಬಲ್ಬು ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ.

ಇವುಗಳಲ್ಲಿ ಅನೇಕ ಬಲ್ಬುಗಳ ಒಳ ಹಲಗೆ ಲೈನಿನೊಂದಿಗೆ ನೇರವಾಗಿ ಕೂಡಿರುತ್ತದೆ. ಮುಚ್ಚಳ ತೆಗೆದ ಬಲ್ಬನ್ನು ಹೋಲ್ಡರಿನಲ್ಲಿಟ್ಟು ಉರಿಸಿ, ಉರಿಯುತ್ತಿರುವಾಗ ಚುಕ್ಕೆಗಳನ್ನು ಮುಟ್ಟಿದರೆ ಕಂಬದ ತಂತಿಯನ್ನು ಮುಟ್ಟಿದಂತೆಯೇ ಆಗುತ್ತದೆ. ಕಳಚಿದ ಮೇಲೂ ಒಳಗಿನ ಕಂಡೆನ್ಸರನ್ನು ಮೇಲೆ ಹೇಳಿದ ರೆಸಿಸ್ಟರಿನಿಂದ ಖಾಲಿ ಮಾಡಿಯೇ ಮುಂದುವರಿಯಬೇಕು.

ಕೊಳ್ಳುವಾಗ

ಪಂಪಿನ ಕಂಡೆನ್ಸರ್ ಕೊಳ್ಳುವಾಗ ಐ.ಎಸ್.ಐ. ಮುದ್ರೆಯನ್ನೂ ಅದರೊಂದಿಗೆ ಐ.ಎಸ್. 2993 ಎಂಬ ಅಂಕಿಯನ್ನೂ ನೋಡಿ ಕೊಳ್ಳಿ. ಮೋಟಾರಿನ ಕಂಡೆನ್ಸರುಗಳ ಮಾನಕ ಅದು. ಹಳೆಯದನ್ನು ಅಂಗಡಿಗೆ ಒಯ್ಯುವುದು ಒಳ್ಳೆಯದೇ, ಆದರೆ ಹಳೆಯದೇ ತಪ್ಪು ಅಂಕಿಯದಾಗಿರಬಹುದು, ಮೇಲಿನ ದೊಡ್ಡಪ್ಪನವರ ಡಬ್ಬಿಯಲ್ಲಿದ್ದಂತೆ. ಮೋಟಾರಿನ ಜೊತೆ ಬಂದ ಕಾಗದದಲ್ಲಿರುವ ಅಂಕಿಯನ್ನು ಬರೆದುಕೊಂಡು ಹೋಗಿ. ಹೊಸದನ್ನು ಅಂಗಡಿಯಲ್ಲಿಯೇ ಮೀಟರಿಗೆ ಹಿಡಿದು ತೋರಿಸುವಂತೆ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬಿತ್ತನೆ ಬೀಜವನ್ನು ಮೊಳಕೆ ಕಟ್ಟಿ ನೋಡುವುದಿಲ್ಲವೆ? ಹಾಕಿದ ದಿನವೇ ಡಬ್ಬಿಯ ಬಾಗಿಲಿನ ಒಳಭಾಗದಲ್ಲಿ ಬಣ್ಣದಿಂದ ಮೂರು ಸಂಗತಿಗಳನ್ನು ಬರೆದಿಡಿ: ತಾರೀಖು, ಇರಬೇಕಾದ ಅಂಕಿ, ಅಂದು ಮೀಟರು ತೋರಿಸಿದ ಅಂಕಿ. ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದು ಬೇಸಿಗೆಯ ನೀರಾವರಿ ಜೋರಾಗುವುದಕ್ಕೆ ಮುಂಚೆ, ಮತ್ತೆ ಅಳೆದು ಅದರ ಕೆಳಗೆ ಬರೆಯುತ್ತಾ ಹೋದರೆ 50, 49, 47 ಎಂದು ಅಂಕಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಹೊಸ ಕಂಡೆನ್ಸರನ್ನು ಯಾವ ವರ್ಷ ತರಬೇಕೆಂಬುದನ್ನು ಆ ಬಾಗಿಲೇ ಹೇಳುತ್ತದೆ.